ಅಪ್ಪನಿಗೆ ಮಂಪರು ಕೊಡ್ತಾರಂತೆ, ಮತ್ತೆ ಏಳ್ತಾರಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವುದು, ಊರು ಕುಂದಾಪುರದ ಕಡೆ. ಅಪ್ಪನಿಗೆ 71 ವರ್ಷ. ಜೀವಮಾನವಿಡೀ ಹೋಟೆಲ್ ಕೆಲಸ ಮಾಡಿ ಈಗ ಮನೆಯಲ್ಲಿದ್ದಾರೆ. ಶುಗರ್, ಬಿಪಿ ಎರಡೂ ಇದೆ. ಎಲೆ-ಅಡಿಕೆ ಬಿಟ್ಟಿಲ್ಲ. ರಾತ್ರಿ ಗೊರಕೆ ಜೋರು. ರಕ್ತ ಕಮ್ಮಿಯಾಗಿದೆ ಅಂತ ಡಾಕ್ಟರು ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾದ ನಳಿಗೆ ಇಳಿಸಿ ಹೊಟ್ಟೆ ನೋಡುವುದು), ಕೊಲೊನೋಸ್ಕೋಪಿ (ಹಿಂದಿನಿಂದ ಹಾಕಿ ಕರುಳು ನೋಡುವುದು) ಎರಡನ್ನೂ ಒಂದೇ ದಿನ ಮಾಡಲು ಹೇಳಿದ್ದಾರೆ. "ಭೂಲ್ ಕೊಟ್ಟು ಮಾಡ್ತೇವೆ, ಗೊತ್ತೇ ಆಗೋದಿಲ್ಲ" ಅಂದರು. ಆ ಮಂಪರಿಗೆ ಬೇರೆ ಚಾರ್ಜು. ಪಕ್ಕದ ಬಿಲ್ಡಿಂಗಿನವರು ತಮ್ಮ ಸಂಬಂಧಿಕರೊಬ್ಬರು ಹಾಗೆ ಮಲಗಿದವರು ಏಳಲೇ ಇಲ್ಲ ಅಂದರು. ಆವತ್ತಿನಿಂದ ಅಪ್ಪ ಬೇಡವೇ ಬೇಡ ಅನ್ನುತ್ತಿದ್ದಾರೆ. ನಿದ್ದೆಗಣ್ಣಲ್ಲಿ ಏನಾದರೂ ಬಾಯಿಬಿಟ್ಟರೆ ಅನ್ನುವ ಸಂಕೋಚವೂ ಇದೆ. ಅಣ್ಣ "ಸುಮ್ನೆ ಹಾಗೇ ಮಾಡಿಸೋಣ, ಸ್ವಲ್ಪ ತಡ್ಕೊಂಡ್ರೆ ಆಯ್ತು" ಅನ್ನುತ್ತಾನೆ. ನಾವು ಏನು ಮಾಡುವುದು?

ಉತ್ತರ: ಮೊದಲು ನಿಮ್ಮ ಭಯದ ಮಾತು. ನಿಮ್ಮ ತಂದೆಯವರ ವಯಸ್ಸಿನ, ಶುಗರ್-ಬಿಪಿ ಇರುವ ಎಷ್ಟೋ ಜನರಿಗೆ ಮುಂಬೈಯಲ್ಲಿ ದಿನಾ ಮಂಪರು ಕೊಟ್ಟು ಈ ಪರೀಕ್ಷೆ ಮಾಡುತ್ತಾರೆ. ಎದ್ದು, ಕಾಫಿ ಕುಡಿದು, ಸಂಜೆಯೊಳಗೆ ಮನೆ ಸೇರುತ್ತಾರೆ. ನೀವು ಬರೆದದ್ದರಲ್ಲಿ ಮಂಪರು ಬೇಡವೇ ಬೇಡ ಅನ್ನುವಂಥ ಕಾರಣ ನನಗೆ ಕಾಣಲಿಲ್ಲ. ಆದರೆ ಹುಷಾರಾಗಿರಬೇಕಾದ ಎರಡು ವಿಷಯ ಕಂಡವು. ಒಂದು ಗೊರಕೆ, ಇನ್ನೊಂದು ಎಲೆ-ಅಡಿಕೆ. ಶುಗರ್-ಬಿಪಿಗಿಂತ ನಾನು ಜಾಸ್ತಿ ಯೋಚನೆ ಮಾಡುವುದು ಅವೆರಡರ ಬಗ್ಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅರ್ಧ ಹೆದರಿಕೆ ಆ "ಭೂಲ್" ಅನ್ನುವ ಮಾತಿನಿಂದಲೇ ಹುಟ್ಟಿದ್ದು ಅಂತ ನನ್ನ ಅನಿಸಿಕೆ. ಮರಾಠಿಯಲ್ಲಿ ದೊಡ್ಡ ಆಪರೇಷನ್ನಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿದರೂ ಭೂಲ್. ಸ್ವಲ್ಪ ಜೋಂಪು ಹತ್ತಿಸಿದರೂ ಭೂಲ್. ಹಿಂದಿಯವರು ಬೇಹೋಶ್ ಅನ್ನುತ್ತಾರೆ. ನಮ್ಮವರು ಅದನ್ನು ಮನೆಗೆ ತಂದು "ಮೂರ್ಛೆ ತಪ್ಪಿಸ್ತಾರಂತೆ" ಅನ್ನುತ್ತಾರೆ. ಎಪ್ಪತ್ತು ದಾಟಿದವರು ಹೆದರದೆ ಏನು ಮಾಡಬೇಕು? ಕನ್ನಡದಲ್ಲಿ ಮಂಪರು ಅನ್ನುವ ಒಳ್ಳೆಯ ಮಾತಿದೆ. ತಂದೆಯವರ ಹತ್ತಿರ ಆ ಮಾತನ್ನೇ ಆಡಿ.

ಸಂಜೆಯ ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವರನ್ನು ನೀವು ದಿನಾ ನೋಡುತ್ತೀರಲ್ಲ. ಒಬ್ಬರು ಕಣ್ಣು ಮುಚ್ಚಿ ಆರಾಮಾಗಿ ಕೂತಿರುತ್ತಾರೆ. ಮಾತಾಡಿಸಿದರೆ ಉತ್ತರ ಕೊಡುತ್ತಾರೆ. ಇನ್ನೊಬ್ಬರಿಗೆ ಜೋಂಪು ಹತ್ತಿರುತ್ತದೆ. ಭುಜ ಮುಟ್ಟಿ "ಡೊಂಬಿವಲಿ ಬಂತು" ಅಂದರೆ ತಟ್ಟನೆ ಏಳುತ್ತಾರೆ. ಮೂರನೆಯವರನ್ನು ಹಿಡಿದು ಅಲ್ಲಾಡಿಸಬೇಕು, ಇಲ್ಲದಿದ್ದರೆ ಕಲ್ಯಾಣ್ ದಾಟಿದರೂ ಗೊತ್ತಾಗುವುದಿಲ್ಲ. ಹಗುರ ಮಂಪರು, ಮಧ್ಯಮ ಮಂಪರು, ಗಾಢ ಮಂಪರು ಅಂದರೆ ಸುಮಾರಾಗಿ ಇದೇ. ಪೂರ್ತಿ ಅರಿವಳಿಕೆ ಇದರಾಚೆಗೆ. ಅಲ್ಲಿ ಎಷ್ಟು ಅಲ್ಲಾಡಿಸಿದರೂ ಏಳುವುದಿಲ್ಲ, ಎಷ್ಟೋ ಸಲ ಗಂಟಲಿಗೆ ಟ್ಯೂಬ್ ಹಾಕಿ ಮೆಷಿನ್ನಿನಿಂದ ಉಸಿರು ಕೊಡಬೇಕಾಗುತ್ತದೆ. ಎಂಡೋಸ್ಕೋಪಿ, ಕೊಲೊನೋಸ್ಕೋಪಿಗೆ ಸಾಮಾನ್ಯವಾಗಿ ಎರಡನೆಯದು ಸಾಕು. ಕೆಲವರಿಗೆ ಮೂರನೆಯದು ಬೇಕಾಗುತ್ತದೆ.

ಈ ಹಂತಗಳ ನಡುವೆ ಗೋಡೆ ಇಲ್ಲ, ಇಳಿಜಾರು ಇದೆ. ಎರಡನೆಯದರಲ್ಲಿ ಇದ್ದವರು ಯಾವಾಗ ಮೂರನೆಯದಕ್ಕೆ ಜಾರಿದರು ಅನ್ನುವುದು ಪಕ್ಕದಲ್ಲಿ ನಿಂತು ನೋಡುವವರಿಗೆ ಮಾತ್ರ ತಿಳಿಯುತ್ತದೆ. ಒಬ್ಬರಿಗೆ ಹಿಡಿದ ಡೋಸ್ ಇನ್ನೊಬ್ಬರಿಗೆ ಜಾಸ್ತಿಯಾಗಬಹುದು. ವಯಸ್ಸಾದವರಲ್ಲಿ ರಕ್ತದ ಓಟ ನಿಧಾನ. ಕೈಯ ನರಕ್ಕೆ ಹಾಕಿದ ಔಷಧ ಮೆದುಳಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕು. "ಅಜ್ಜನಿಗೆ ನಿದ್ದೆ ಬರಲಿಲ್ಲವಲ್ಲ" ಅಂತ ಅವಸರದಲ್ಲಿ ಇನ್ನೊಂದು ಡೋಸ್ ಕೊಟ್ಟರೆ, ಒಂದೆರಡು ನಿಮಿಷದ ಮೇಲೆ ಎರಡೂ ಒಟ್ಟಿಗೆ ಕೆಲಸ ಶುರು ಮಾಡುತ್ತವೆ. 26 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಹಿರಿಯರಿಗೆ ಮಂಪರು ಕೊಡುವಾಗ ಸ್ವಲ್ಪವೇ ಕೊಟ್ಟು, ಕಾದು, ನೋಡಿ, ಬೇಕಾದರೆ ಇನ್ನಷ್ಟು ಕೊಡುತ್ತೇನೆ. ಆ ಕಾಯುವುದೇ ದೊಡ್ಡ ಕೆಲಸ.

ಔಷಧಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಮಿಡಾಜೋಲಾಮ್ ಅಂತ ಒಂದಿದೆ. ಗಾಬರಿ ಇಳಿಸುತ್ತದೆ, ಆ ಹೊತ್ತಿನ ನೆನಪು ಉಳಿಯದ ಹಾಗೆ ಮಾಡುತ್ತದೆ. "ಗೊತ್ತೇ ಆಗೋದಿಲ್ಲ" ಅಂದರಲ್ಲ, ಅದರಲ್ಲಿ ಅರ್ಧ ಈ ಔಷಧದ ಕೆಲಸ. ರೋಗಿ ನಡುವೆ ಮಾತಾಡಿರುತ್ತಾರೆ, ಮಗ್ಗುಲಾಗಿ ಅಂದಾಗ ಆಗಿರುತ್ತಾರೆ, ಆಮೇಲೆ ಏನೂ ನೆನಪಿರುವುದಿಲ್ಲ. ಫೆಂಟನಿಲ್ ನೋವಿನ ಔಷಧ. ಈ ಎರಡಕ್ಕೂ ಅವುಗಳ ಪರಿಣಾಮ ಇಳಿಸುವ ತಿರುಗು ಔಷಧ ಇದೆ: ಮಿಡಾಜೋಲಾಮ್‌ಗೆ ಫ್ಲುಮಾಜೆನಿಲ್, ಫೆಂಟನಿಲ್‌ಗೆ ನಲಾಕ್ಸೋನ್. ಮೂರನೆಯದು ಪ್ರೊಪೊಫಾಲ್. ಹಾಲಿನ ಹಾಗೆ ಬೆಳ್ಳಗಿರುತ್ತದೆ. ನರಕ್ಕೆ ಹೋಗುವಾಗ ಚುರು ಚುರು ಉರಿಯುತ್ತದೆ, ಅದನ್ನು ತಂದೆಯವರಿಗೆ ಮೊದಲೇ ಹೇಳಿ. ಅರ್ಧ-ಮುಕ್ಕಾಲು ನಿಮಿಷದಲ್ಲಿ ನಿದ್ದೆ. ಕೊಡುವುದು ನಿಲ್ಲಿಸಿದ ಐದು-ಹತ್ತು ನಿಮಿಷದಲ್ಲಿ ಎಚ್ಚರ. ತಲೆ ಭಾರ ಕಮ್ಮಿ, ವಾಂತಿಯೂ ಕಮ್ಮಿ. ಇದನ್ನು ಕಂಡುಹಿಡಿದವರು ಜಾನ್ ಗ್ಲೆನ್ ಅನ್ನುವ ಪಶುವೈದ್ಯರು. 1986ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂತು. 2018ರಲ್ಲಿ ಅವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಸಿಕ್ಕಾಗ ನಮಗೆಲ್ಲ ಮನೆಯ ಹಿರಿಯರಿಗೇ ಸಿಕ್ಕಷ್ಟು ಖುಷಿಯಾಯಿತು. ಈ ಔಷಧ ಇಲ್ಲದಿದ್ದರೆ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವುದು ಇಷ್ಟು ಸಲೀಸಾಗುತ್ತಿರಲಿಲ್ಲ.

ಆದರೆ ಪ್ರೊಪೊಫಾಲ್‌ಗೆ ತಿರುಗು ಔಷಧ ಇಲ್ಲ. ಜಾಸ್ತಿಯಾದರೆ ಉಸಿರು ನಿಲ್ಲುತ್ತದೆ, ಬಿಪಿ ಇಳಿಯುತ್ತದೆ. ಔಷಧ ತಾನಾಗಿ ಇಳಿಯುವ ತನಕ ಪಕ್ಕದಲ್ಲಿರುವವರೇ ರೋಗಿಗೆ ಉಸಿರು ಕೊಡಬೇಕು. ಗಾಯಕ ಮೈಕಲ್ ಜಾಕ್ಸನ್ 2009ರ ಜೂನ್ 25ರಂದು ತೀರಿಕೊಂಡದ್ದು ಇದೇ ಔಷಧ ಮೈಯಲ್ಲಿ ವಿಪರೀತವಾಗಿ. ಮನೆಯ ಮಂಚದ ಮೇಲೆ, ನಿದ್ದೆಗೆ ಅಂತ ಕೊಟ್ಟದ್ದು. ಆಪರೇಷನ್ ಕೋಣೆಯಲ್ಲಿ ಇರಬೇಕಾದ ಕಾವಲು ಅಲ್ಲಿ ಇರಲಿಲ್ಲ. ಅದೇ ಔಷಧವನ್ನು ನಾವು ದಿನಾ ಕೊಡುತ್ತೇವೆ, ಜನ ದಿನಾ ಎದ್ದು ಮನೆಗೆ ಹೋಗುತ್ತಾರೆ. ನಿಮ್ಮ ನೆರೆಯವರ ಸಂಬಂಧಿಕರಿಗೆ ಏನಾಯಿತು ಅಂತ ನಾನು ಇಲ್ಲಿ ಕೂತು ಹೇಳುವುದು ಸರಿಯಲ್ಲ. ಒಂದು ಮಾತ್ರ ಹೇಳಬಲ್ಲೆ. ಮಂಪರಿನಲ್ಲಿ ಕೆಟ್ಟದ್ದು ಆಗುವುದು ಹೆಚ್ಚಾಗಿ ಉಸಿರಿನ ದಾರಿಯಲ್ಲಿ. ಹೊತ್ತಿಗೆ ಸರಿಯಾಗಿ ಕಂಡರೆ ಹೆಚ್ಚಿನದನ್ನು ಸರಿಮಾಡಬಹುದು.

ನನ್ನ ತಾಯಿಯ ವಿಷಯ ಹೇಳುತ್ತೇನೆ. ಸುಮಾರು ವರ್ಷಗಳ ಹಿಂದೆ ಅವರಿಗೆ ಕೊಲೊನೋಸ್ಕೋಪಿ ಆಯಿತು. ಎಲ್ಲಿ ಅನ್ನುವುದು ಬೇಡ. ಅವತ್ತು ನಾನು ಡಾಕ್ಟರಾಗಿ ಹೋಗಿರಲಿಲ್ಲ, ಮಗಳಾಗಿ ಗೋಡೆಗೆ ಒರಗಿ ನಿಂತಿದ್ದೆ. ಸ್ಕೋಪ್ ಹಿಡಿದ ಡಾಕ್ಟರ ಕಣ್ಣು ಟಿವಿಯ ಮೇಲೆ. ಇರಬೇಕಾದದ್ದೂ ಅಲ್ಲೇ. ಮಂಪರಿನ ಇಂಜೆಕ್ಷನ್ ಕೊಟ್ಟ ಸಿಸ್ಟರೇ ಅವರಿಗೆ ಸಾಮಾನು ಎತ್ತಿಕೊಡಬೇಕಿತ್ತು. ಮಾನಿಟರ್ ಕೂಗಿತು. ಬೆರಳಿನ ಕ್ಲಿಪ್ ಜಾರಿತ್ತು. "ಕ್ಲಿಪ್ ಬಿದ್ದಿದೆ ಅಷ್ಟೇ" ಅಂತ ಸಿಸ್ಟರ್ ಸದ್ದು ಬಂದ್ ಮಾಡಿ ಮತ್ತೆ ಅತ್ತ ತಿರುಗಿದರು. ನಾನು ಅಮ್ಮನ ಕಡೆ ನೋಡಿದೆ. ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಯಾರು ನೋಡಿದರೂ ಉಸಿರಾಡುತ್ತಿದ್ದಾರೆ ಅನ್ನಬೇಕು. ಆದರೆ ಕತ್ತಿನ ಬುಡದ ಗುಳಿ ಪ್ರತಿ ಸಲವೂ ಒಳಕ್ಕೆ ಸೆಳೆಯುತ್ತಿತ್ತು. ಮೂಗಿನ ಹತ್ತಿರ ಕೈಯ ಹಿಂಬದಿ ಹಿಡಿದೆ. ಬಿಸಿ ತಾಗಲಿಲ್ಲ. ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚಿತ್ತು. ಎದೆ ಎಳೆಯುತ್ತಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ಎರಡು ಬೆರಳು ಗದ್ದದ ಕೆಳಗಿಟ್ಟು ಮೇಲಕ್ಕೆತ್ತಿದೆ. ದೊಡ್ಡದೊಂದು ಗೊರಕೆ ಬಂತು. ಕೈಗೆ ಬಿಸಿಯುಸಿರು ತಾಗಿತು. ಕ್ಲಿಪ್ ಮತ್ತೆ ಹಾಕಿದಾಗ ಮಾನಿಟರ್ ಆಕ್ಸಿಜನ್ 85 ಅಂತ ತೋರಿಸಿತು. ನಿಧಾನಕ್ಕೆ 90, 94, 97. ಅಷ್ಟೇ. ಪರೀಕ್ಷೆ ಮುಗಿದ ಮೇಲೆ ಅಮ್ಮ ಕಣ್ಣು ಬಿಟ್ಟು "ಮುಗೀತಾ?" ಅಂತ ಕೇಳಿದರು. ಅವರಿಗೆ ಇವತ್ತಿನವರೆಗೂ ನಾನು ಹೇಳಿಲ್ಲ.

ಗದ್ದ ಎತ್ತುವುದು ಹತ್ತು ಸೆಕೆಂಡಿನ ಕೆಲಸ. ಅದಕ್ಕೆ ದೊಡ್ಡ ಮೆಷಿನ್ ಬೇಡ. ಆದರೆ ಆ ಹತ್ತು ಸೆಕೆಂಡು ಯಾರೋ ಒಬ್ಬರ ಕಣ್ಣು ಅಮ್ಮನ ಕತ್ತಿನ ಮೇಲೆ ಇರಬೇಕಿತ್ತು. ಹಾಗಾಗಿ ನೀವು ಆಸ್ಪತ್ರೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದೇ: "ಪರೀಕ್ಷೆ ನಡೆಯುವಾಗ ಬೇರೆ ಯಾವ ಕೆಲಸವೂ ಇಲ್ಲದೆ ಅಪ್ಪನ ಉಸಿರನ್ನೇ ನೋಡುವವರು ಯಾರು?" ಯಾವ ಔಷಧ, ಎಷ್ಟು ಡೋಸ್ ಅನ್ನುವುದೆಲ್ಲ ಆಮೇಲೆ. ನಿಮ್ಮ ತಂದೆಯವರ ಮಟ್ಟಿಗೆ ಉತ್ತರ "ಅನಸ್ತೇಶಿಯಾ ಡಾಕ್ಟರ್ ಇರುತ್ತಾರೆ" ಅಂತಲೇ ಇರಬೇಕು. "ನಮ್ಮ ಸಿಸ್ಟರ್ ನೋಡ್ಕೋತಾರೆ" ಅಂದರೆ ಒಪ್ಪಬೇಡಿ. ಆರೋಗ್ಯವಂತ ಯುವಕನಿಗೆ ತೀರ ಹಗುರ ಮಂಪರು ಆದರೆ ಮಾತು ಬೇರೆ. ನೀವು ಹೇಳಿದ ಆ ಬೇರೆ ಚಾರ್ಜು ಈ ಡಾಕ್ಟರದ್ದೇ ಇರಬಹುದು. ಹಾಗಿದ್ದರೆ ದಯವಿಟ್ಟು ಅದನ್ನು ಉಳಿಸಲು ಹೋಗಬೇಡಿ. ಹಣದ ತೊಂದರೆ ಇದ್ದರೆ ಪರೇಲ್‌ನ ಕೆಇಎಂ, ಸಾಯನ್ ಆಸ್ಪತ್ರೆ, ನಾಯರ್ ಇವೆಲ್ಲ ಮುನ್ಸಿಪಾಲಿಟಿಯ ಆಸ್ಪತ್ರೆಗಳು. ಅಲ್ಲಿ ರಶ್ಶು ಜಾಸ್ತಿ, ಆದರೆ ಖರ್ಚು ತುಂಬ ಕಮ್ಮಿ.

ಮೆಷಿನ್ನಿನ ವಿಷಯಕ್ಕೂ ಒಂದು ಮಾತು. ಕೋವಿಡ್ ಹೊತ್ತಿಗೆ ಎಲ್ಲರ ಮನೆಗೂ ಬೆರಳಿಗೆ ಹಾಕುವ ಆಕ್ಸಿಮೀಟರ್ ಬಂತಲ್ಲ, ಅದರ ಹಿಂದಿನ ಯೋಚನೆ ಜಪಾನಿನ ಟಕುವೊ ಅಒಯಾಗಿ ಅವರದು, 1974ರದ್ದು. ನಮ್ಮ ಕಸುಬಿನಲ್ಲಿ ಎಷ್ಟು ಜೀವ ಉಳಿಸಿದೆಯೋ ಲೆಕ್ಕ ಇಲ್ಲ. ಆದರೆ ಅದು ತಡವಾಗಿ ಕೂಗುತ್ತದೆ. ಮೂಗಿಗೆ ಆಕ್ಸಿಜನ್ ಹಚ್ಚಿದ್ದರೆ, ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು 98, 99 ಅಂತಲೇ ತೋರಿಸುತ್ತಿರುತ್ತದೆ. ಕ್ಯಾಪ್ನೋಗ್ರಫಿ ಅಂತ ಇನ್ನೊಂದಿದೆ. ಬಿಡುವ ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಅಳೆದು ಪರದೆಯ ಮೇಲೆ ಗುಡ್ಡ-ಗುಡ್ಡವಾಗಿ ಗೆರೆ ಎಳೆಯುತ್ತದೆ. ಉಸಿರು ನಿಂತರೆ ಗೆರೆ ಆಗಲೇ ಚಪ್ಪಟೆ. ಗೊರಕೆ ಇರುವವರಿಗೆ ಅದು ಇದ್ದರೆ ನನಗೆ ಸಮಾಧಾನ. ಇದೆಯಾ ಅಂತ ಕೇಳಿ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಲೂ ಬಾರದು.

ಇನ್ನು ಗೊರಕೆ. ಗೊರಕೆ ಅಂದರೆ ಮಲಗಿದಾಗ ಗಂಟಲಿನ ದಾರಿ ಕಿರಿದಾಗುತ್ತದೆ ಅಂತ ಅರ್ಥ. ಮಾಮೂಲಿ ನಿದ್ದೆಯಲ್ಲಿ ಹಾಗಾದರೆ ಮಂಪರಿನಲ್ಲಿ ಇನ್ನೂ ಜಾಸ್ತಿ. ನನ್ನ ತಾಯಿಗೆ ಆದದ್ದೂ ಅದೇ. ಒಂದು ರಾತ್ರಿ ತಂದೆಯವರ ಪಕ್ಕ ಕೂತು ಕಿವಿಗೊಟ್ಟು ಕೇಳಿ. ಗೊರಕೆ ಏರುತ್ತಾ ಹೋಗಿ ಗಕ್ಕನೆ ನಿಂತು, ಕೆಲವು ಸೆಕೆಂಡು ಪೂರ್ತಿ ಮೌನವಾಗಿ, ಆಮೇಲೆ ಬೆಚ್ಚಿಬಿದ್ದವರ ಹಾಗೆ ಉಸಿರೆಳೆದುಕೊಳ್ಳುತ್ತಾರಾ? ಹಗಲು ಪೇಪರ್ ಓದುತ್ತಾ ಕೂತಲ್ಲೇ ತೂಕಡಿಸುತ್ತಾರಾ? ಹೌದಾದರೆ ಅನಸ್ತೇಶಿಯಾ ಡಾಕ್ಟರಿಗೆ ಇದೇ ಮಾತಿನಲ್ಲಿ ಹೇಳಿ. ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ, ಇರಬಹುದು. ಅದಕ್ಕೆ ಮಂಪರು ಕೊಡಲೇಬಾರದು ಅಂತಿಲ್ಲ. ಡೋಸ್ ಬದಲಾಗುತ್ತದೆ, ಕಾವಲು ಬದಲಾಗುತ್ತದೆ, ಆಮೇಲೆ ಉಳಿಸಿಕೊಳ್ಳುವ ಹೊತ್ತೂ ಬದಲಾಗುತ್ತದೆ. ಮನೆಯಲ್ಲಿ ಅದಕ್ಕೆ ರಾತ್ರಿ ಮುಖಕ್ಕೆ ಹಾಕಿಕೊಂಡು ಮಲಗುವ ಸಿಪ್ಯಾಪ್ ಮೆಷಿನ್ ಇದ್ದರೆ ಅವತ್ತು ತೆಗೆದುಕೊಂಡು ಹೋಗಿ.

ಎಲೆ-ಅಡಿಕೆಯ ವಿಷಯ ಹೇಳುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಈ ಊರಲ್ಲಿ ನಮ್ಮ ಎಷ್ಟೋ ಹಿರಿಯರು ಹಗಲು-ರಾತ್ರಿ ನಿಂತು ದುಡಿದವರು. ನಿದ್ದೆ ತಡೆಯಲು, ಹಸಿವು ಮರೆಯಲು ಬಾಯಿಗೆ ಅಡಿಕೆ ಹಾಕಿದರು. ಅದು ಹಾಗೇ ಉಳಿಯಿತು. ಅಡಿಕೆ ವರ್ಷಗಟ್ಟಲೆ ಕೆನ್ನೆಯ ಒಳಗಿದ್ದರೆ ಅಲ್ಲಿನ ಚರ್ಮ ಗಟ್ಟಿಯಾಗಿ ಹಗ್ಗದ ಹಾಗೆ ಬಿಗಿಯುತ್ತದೆ. ಬಾಯಿ ಪೂರ್ತಿ ತೆರೆಯುವುದಿಲ್ಲ. ಉಸಿರಿನ ತೊಂದರೆ ಬಂದು ಗಂಟಲಿಗೆ ಟ್ಯೂಬ್ ಹಾಕಬೇಕಾದರೆ ಬಾಯಿ ತೆರೆಯದವರಿಗೆ ಹಾಕುವುದು ತುಂಬ ಕಷ್ಟ. ಎಂಡೋಸ್ಕೋಪಿಗೆ ಹಲ್ಲಿನ ನಡುವೆ ಇಡುವ ಪ್ಲಾಸ್ಟಿಕ್ ಬಳೆ ಕೂಡ ಹಿಡಿಸುವುದಿಲ್ಲ. ಮನೆಯಲ್ಲೇ ನೋಡಿ. ತಂದೆಯವರು ಬಾಯಿ ದೊಡ್ಡದು ಮಾಡಿ ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಡಲಿ. ಮೂರು ಹಿಡಿಸಿದರೆ ಒಳ್ಳೆಯದು. ಎರಡೇ ಹಿಡಿಸಿದರೆ ಪರೀಕ್ಷೆಯ ದಿನದವರೆಗೆ ಕಾಯದೆ ಮೊದಲೇ ಹೋಗಿ ಅನಸ್ತೇಶಿಯಾ ಡಾಕ್ಟರಿಗೆ ತೋರಿಸಿ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದರೆ ಅದನ್ನೂ ಹೇಳಿ. ಸೆಟ್ಟು ತೆಗೆದು ಡಬ್ಬಿಯಲ್ಲಿಟ್ಟುಕೊಳ್ಳಿ.

ಹೊಟ್ಟೆ ಖಾಲಿ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಅಂತ ಹೇಳುವವರು ಕಮ್ಮಿ. ನಾವು ಎಚ್ಚರ ಇದ್ದಾಗ ಹೊಟ್ಟೆಯದ್ದು ಗಂಟಲಿಗೆ ಬಂದರೆ ಕೆಮ್ಮುತ್ತೇವೆ, ನುಂಗುತ್ತೇವೆ. ಮಂಪರಿನಲ್ಲಿ ಆ ಎಚ್ಚರ ಮಂದವಾಗುತ್ತದೆ. ಹುಳಿ, ಅನ್ನದ ಅಗುಳು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ, ಕೆಲವೊಮ್ಮೆ ಐಸಿಯು. ಅದಕ್ಕೇ ನಾವು ಇಷ್ಟು ಕಟ್ಟುನಿಟ್ಟು.

ಒಮ್ಮೆ ವಿಜಯಪುರ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮಗನನ್ನು ಹಿಂದಿಯಲ್ಲಿ ಕೇಳಿದ್ದಾರೆ, "ಖಾಲಿ ಪೇಟ್?" ಅಂತ. ಅವನು ಹೌದು ಅಂದಿದ್ದಾನೆ. ಫಾರ್ಮಿನಲ್ಲಿ ಟಿಕ್ಕು ಬಿದ್ದಿದೆ. ನಾನು ಪಕ್ಕ ಕೂತು ಕೈ ಹಿಡಿದು "ಅವ್ವಾರ, ಮುಂಜಾನಿಂದ ಏನರ ತಿಂದೀರೇನ್ರಿ?" ಅಂದೆ. "ಏನೂ ತಿಂದಿಲ್ಲವ್ವಾ, ಹೊಟ್ಟಿ ಖಾಲಿ ಅದ." "ಚಾ ಕುಡದೀರೇನ್ರಿ?" "ಚಾ ಅಷ್ಟ ಕುಡದೀನಿ. ಚಾ ಏನ್ ಊಟೇನವ್ವಾ?" "ಚಾದಾಗ ಏನರ ಅದ್ದಿದ್ರೇನು?" ಅಜ್ಜಿ ನಾಚಿಕೊಂಡು ಎರಡು ಬೆರಳು ತೋರಿಸಿದರು. ಎರಡು ಖಾರಿ ಬಿಸ್ಕತ್ತು. ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ರೊಟ್ಟಿ ತಿಂದರೆ ಮಾತ್ರ ತಿಂದ ಹಾಗೆ. ಅವತ್ತು ಬೆಳಗಿನ ಕೇಸನ್ನು ಮಧ್ಯಾಹ್ನಕ್ಕೆ ಹಾಕಿದೆವು. ಮಗ ಸಿಟ್ಟಾದ, ರಜೆ ಹಾಕಿ ಬಂದಿದ್ದ ಪಾಪ. ಆದರೆ ಬೇರೆ ದಾರಿ ಇರಲಿಲ್ಲ.

ಹಾಗಾಗಿ ಲೆಕ್ಕ ಸ್ಪಷ್ಟವಾಗಿ ಇಟ್ಟುಕೊಳ್ಳಿ. ಎಣ್ಣೆ, ತುಪ್ಪ, ಮಾಂಸದ ಊಟವಾದರೆ 8 ಗಂಟೆ. ಹಗುರ ತಿಂಡಿಗೆ 6 ಗಂಟೆ. ಹಾಲು, ಹಾಲು ಹಾಕಿದ ಚಹಾ-ಕಾಫಿ, ಮಜ್ಜಿಗೆ, ಗಂಜಿ, ಅಂಬಲಿ ಇವೆಲ್ಲ ತಿಂಡಿಯ ಲೆಕ್ಕವೇ, 6 ಗಂಟೆ. ಅರ್ಧ ಕಟಿಂಗ್ ಚಹಾ ಆದರೂ ಅಷ್ಟೇ. ನೀರು, ಹಾಲಿಲ್ಲದ ಚಹಾ, ಗಂಜಿ ಇಲ್ಲದ ಎಳನೀರು 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಕುಡಿಯಬೇಕು ಕೂಡ, ಮುದುಕರನ್ನು ರಾತ್ರಿಯಿಂದ ನೀರಿಲ್ಲದೆ ಒಣಗಿಸಿದರೆ ಬಿಪಿ ಬೀಳುತ್ತದೆ. ಕೊಲೊನೋಸ್ಕೋಪಿಗೆ ಹೊಟ್ಟೆ ತೊಳೆಯುವ ಪುಡಿಯ ನೀರು ಕೊಟ್ಟಿರುತ್ತಾರೆ. ಅದರ ಕೊನೆಯ ಲೋಟವೂ 2 ಗಂಟೆ ಮೊದಲು ಮುಗಿಯಬೇಕು. ಇಷ್ಟೆಲ್ಲ ಹೇಳಿದರೂ, ನಿಮ್ಮ ಆಸ್ಪತ್ರೆಯವರು ಇನ್ನೂ ಹೆಚ್ಚು ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ. ಶುಗರ್ ಹಳೆಯದಾದರೆ ಹೊಟ್ಟೆ ಖಾಲಿಯಾಗುವುದೇ ನಿಧಾನ. ಶುಗರಿಗೋ ತೂಕಕ್ಕೋ ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲೂ ಹಾಗೇ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅನ್ನುವ ಹೆಸರು ಚೀಟಿಯಲ್ಲಿದ್ದರೆ ತಪ್ಪದೆ ಹೇಳಿ.

ಮಾತ್ರೆಗಳ ವಿಷಯದಲ್ಲಿ ನಾನು ಇಲ್ಲಿಂದ ಇದು ತಗೊಳ್ಳಿ, ಇದು ಬಿಡಿ ಅಂತ ಹೇಳುವುದಿಲ್ಲ. ಎಲ್ಲ ಮಾತ್ರೆಗಳನ್ನೂ ಪಟ್ಟಿಯ ಸಮೇತ ಒಂದು ಚೀಲಕ್ಕೆ ಹಾಕಿಕೊಂಡು ವಾರ-ಹತ್ತು ದಿನ ಮೊದಲೇ ತೋರಿಸಿ. ರಕ್ತ ಕಮ್ಮಿ ಅಂತ ಐರನ್ ಮಾತ್ರೆ ನಡೆಯುತ್ತಿದ್ದರೆ ಕೊಲೊನೋಸ್ಕೋಪಿಗೆ ಸುಮಾರು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ. ಕರುಳಿನೊಳಗೆ ಕಪ್ಪು ಮೆತ್ತಿಕೊಂಡು ಏನೂ ಕಾಣುವುದಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲು ನಿಲ್ಲಿಸುತ್ತೇವೆ. ಉಪವಾಸದಲ್ಲಿ ಅವು ರಕ್ತದಲ್ಲಿ ಆಮ್ಲ ಏರಿಸಬಹುದು, ಅದೂ ಶುಗರ್ ನಾರ್ಮಲ್ ಇರುವಾಗಲೇ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೃದಯದ ಡಾಕ್ಟರನ್ನು ಕೇಳದೆ ನೀವೇ ನಿಲ್ಲಿಸಬೇಡಿ, ಸ್ಟೆಂಟ್ ಹಾಕಿದವರಲ್ಲಂತೂ ಖಂಡಿತ ಬೇಡ. ಹೊಟ್ಟೆ ತೊಳೆಯುವ ರಾತ್ರಿ ಶುಗರ್ ಇಳಿಯಬಹುದು. ಮೀಟರ್ ಹತ್ತಿರ ಇಟ್ಟುಕೊಳ್ಳಿ, ಕೈ ನಡುಗಿದರೆ, ಬೆವರಿದರೆ ಸಕ್ಕರೆ ನೀರು ಕೊಡಿ. ಬೆಳಗಿನ ಮೊದಲ ಸ್ಲಾಟ್ ಕೇಳಿ ತೆಗೆದುಕೊಳ್ಳಿ.

ಅಣ್ಣ ಹೇಳುವುದರಲ್ಲೂ ಹುರುಳಿದೆ. ಎಂಡೋಸ್ಕೋಪಿ ಐದು-ಹತ್ತು ನಿಮಿಷದ್ದು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು ಮಂಪರಿಲ್ಲದೆ ನಮ್ಮಲ್ಲಿ ಎಷ್ಟೋ ಕಡೆ ಮಾಡುತ್ತಾರೆ. ಓಕರಿಕೆ ಬರುತ್ತದೆ, ನೋವಿರುವುದಿಲ್ಲ. ಕೊಲೊನೋಸ್ಕೋಪಿ ಹಾಗಲ್ಲ. ಇಪ್ಪತ್ತು-ನಲವತ್ತು ನಿಮಿಷ. ಕರುಳಿಗೆ ಗಾಳಿ ತುಂಬಿ, ತಿರುವುಗಳಲ್ಲಿ ಸ್ಕೋಪನ್ನು ಮುಂದೆ ತಳ್ಳಬೇಕು. ಆಗ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಮಂಪರಿಲ್ಲದೆ ಮಾಡಿಸಿಕೊಳ್ಳುವವರು ಇದ್ದಾರೆ, ಅದು ತಪ್ಪೂ ಅಲ್ಲ. ಆದರೆ ನೋವಿಗೆ ಬಿಪಿ ಏರುತ್ತದೆ, ರೋಗಿ ಸಾಕು ಅಂತ ಒದ್ದಾಡಿದರೆ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ. 71 ವರ್ಷದ ಗಂಡಸಿಗೆ ರಕ್ತ ಕಮ್ಮಿಯಾದರೆ ಕರುಳಿನ ಮೂಲೆ-ಮೂಲೆಯನ್ನೂ ನೋಡಬೇಕು. ಕ್ಯಾನ್ಸರ್ ಇಲ್ಲ ಅಂತ ಖಾತ್ರಿಯಾಗಬೇಕು. ಅರ್ಧ ನೋಡಿ ಬಿಟ್ಟರೆ ಏನು ಬಂತು? ನನ್ನ ತಂದೆಯಾಗಿದ್ದರೆ ಮಧ್ಯಮ ಮಂಪರು, ಪಕ್ಕದಲ್ಲಿ ಅನಸ್ತೇಶಿಯಾ ಡಾಕ್ಟರ್, ಹೀಗೇ ಮಾಡಿಸುತ್ತಿದ್ದೆ. ಮಂಪರಿನ ಭಯದಿಂದ ಪರೀಕ್ಷೆಯನ್ನೇ ಮುಂದೂಡುವುದು ಮಾತ್ರ ಬೇಡ.

ತಂದೆಯವರಿಗೆ ಒಂದು ಮಾತು ಮೊದಲೇ ಹೇಳಿಡಿ. ಮಧ್ಯಮ ಮಂಪರಿನಲ್ಲಿ ನಡುನಡುವೆ ದನಿಗಳು ಕೇಳಬಹುದು, ಹೊಟ್ಟೆ ಒತ್ತಿದ ಹಾಗೆ ಅನಿಸಬಹುದು. ಔಷಧ ಕೆಲಸ ಮಾಡಲಿಲ್ಲ ಅಂತ ಗಾಬರಿಯಾಗುವುದು ಬೇಡ. ನೋವಾದರೆ ಕೈ ಎತ್ತಿದರೆ ಸಾಕು. ಕಿವಿ ಮಂದವಾಗಿದ್ದು ಮೆಷಿನ್ ಹಾಕಿಕೊಳ್ಳುವವರಾದರೆ ಅದನ್ನು ತೆಗೆಸಬೇಡಿ ಅಂತ ಕೇಳಿಕೊಳ್ಳಿ. ಹಿಂದಿ ಚೆನ್ನಾಗಿ ಬಂದರೂ ಮಂಪರಿನಲ್ಲಿ ಕಿವಿಗೆ ಬೇಗ ಹತ್ತುವುದು ಮನೆಮಾತು. ಡಾಕ್ಟರಿಗೆ ಎರಡು ಶಬ್ದ ಬರೆದುಕೊಡಿ: "ಉಸಿರು ಎಳೀರಿ", "ಕಣ್ಣು ಬಿಡಿ". ನನಗೆ ಬಾರದ ಭಾಷೆಯ ರೋಗಿಗಳ ಮನೆಯವರ ಹತ್ತಿರ ನಾನೇ ಹೀಗೆ ಬರೆಸಿಕೊಂಡಿದ್ದೇನೆ. ಮಂಪರು ಸ್ವಲ್ಪ ಆಳಕ್ಕೆ ಹೋದಾಗ ಗೊತ್ತಿರುವ ಮಾತಿನಲ್ಲಿ ಕೂಗಿದರೆ ಎಷ್ಟೋ ಜನ ತಾವಾಗಿ ಉಸಿರೆಳೆಯುತ್ತಾರೆ.

ಬಾಯಿಬಿಡುವ ಸಂಕೋಚದ ಬಗ್ಗೆಯೂ ತಂದೆಯವರಿಗೆ ಹೇಳಿ. ಗುಟ್ಟು ಹೊರಡಿಸುವ ಔಷಧ ಅಲ್ಲ ಅದು. ಕೆಲವರು ಏನೋ ಗೊಣಗುತ್ತಾರೆ, ಒಂದಿಬ್ಬರು ಅಳುತ್ತಾರೆ, ಕೆಲವರು ಕೈಕಾಲು ಆಡಿಸಿ ಸಿಟ್ಟು ಮಾಡುತ್ತಾರೆ. ಅದೂ ಔಷಧದ ಗುಣ, ಮನುಷ್ಯನ ಗುಣ ಅಲ್ಲ. ಆ ಕೋಣೆಯಲ್ಲಿ ಕೇಳಿದ್ದನ್ನು ನಾವು ಹೊರಗೆ ಒಯ್ಯುವುದಿಲ್ಲ. ಮೈಮೇಲೆ ಬಟ್ಟೆ ಹೊದಿಸಿಯೇ ಪರೀಕ್ಷೆ ಮಾಡುತ್ತಾರೆ. ಇದನ್ನು ಬಾಯಿಬಿಟ್ಟು ಕೇಳದ, ಆದರೆ ಮನಸ್ಸಿನಲ್ಲೇ ಕೊರಗುವ ಹಿರಿಯರು ತುಂಬ.

ಪರೀಕ್ಷೆ ಮುಗಿದ ಮೇಲೆ ಸಾಮಾನ್ಯವಾಗಿ ಒಂದು ಗಂಟೆಯಾದರೂ ಕೂರಿಸಿಕೊಳ್ಳುತ್ತಾರೆ. ತಿರುಗು ಔಷಧ ಕೊಟ್ಟಿದ್ದರೆ ಇನ್ನೂ ಹೆಚ್ಚು. ಯಾಕೆಂದರೆ ಅದು ಬೇಗ ಇಳಿದು ಮಂಪರು ಮತ್ತೆ ಮರಳಬಹುದು. ಹೆಸರು, ಜಾಗ ಹೇಳಬೇಕು, ಎದ್ದು ನಿಂತರೆ ತೂರಾಡಬಾರದು, ಆಮೇಲೆಯೇ ಹೊರಡುವುದು. ಡಾಕ್ಟರು ರಿಪೋರ್ಟ್ ಹೇಳುವಾಗ ನೀವು ಪಕ್ಕದಲ್ಲೇ ಇರಿ. ತಂದೆಯವರು "ಹ್ಞೂಂ, ಹ್ಞೂಂ" ಅನ್ನುತ್ತಾರೆ, ಚೆನ್ನಾಗಿಯೇ ಮಾತಾಡುತ್ತಾರೆ, ಸಂಜೆ "ಡಾಕ್ಟರು ಏನೂ ಹೇಳಲೇ ಇಲ್ಲವಲ್ಲ" ಅನ್ನುತ್ತಾರೆ. ಅದಕ್ಕೆ ಗಾಬರಿ ಬೇಡ. ಲೋಕಲ್ ಹತ್ತಿಸಬೇಡಿ, ಖಾಲಿ ಇರುವ ಹೊತ್ತಾದರೂ ಬೇಡ. ಟ್ಯಾಕ್ಸಿ ಮಾಡಿ. 24 ಗಂಟೆ ಸ್ಕೂಟರ್ ಬೇಡ, ಗ್ಯಾಸ್ ಒಲೆಯ ಮುಂದೆ ಒಬ್ಬರೇ ಬೇಡ, ಬ್ಯಾಂಕಿನ ಕಾಗದಕ್ಕೆ ಸಹಿ ಬೇಡ, ನಿದ್ದೆ ಗುಳಿಗೆಯೂ ಬೇಡ, ಮದ್ಯವೂ ಬೇಡ. ಅವತ್ತು ರಾತ್ರಿ ಯಾರಾದರೂ ಅದೇ ಕೋಣೆಯಲ್ಲಿ ಮಲಗಿ. ಮೊದಲು ಒಂದು ಗುಟುಕು ನೀರು ಕೊಟ್ಟು ನೋಡಿ. ಗಂಟಲಿಗೆ ಸ್ಪ್ರೇ ಹೊಡೆದಿದ್ದರೆ ಅದು ಇಳಿಯುವ ತನಕ ಕಾಯಬೇಕು. ಸರಾಗ ನುಂಗಿದರೆ ಗಂಜಿ ಊಟ ಸಾಕು. ಹೊಟ್ಟೆ ಉಬ್ಬರ, ಗಾಳಿ ಹೋಗುವುದು ಮಾಮೂಲಿ. ಗಂಟಲು ಕೆರೆತ ಒಂದೆರಡು ದಿನ ಇರುತ್ತದೆ. ಹೊಟ್ಟೆನೋವು ಏರುತ್ತಾ ಹೋದರೆ, ಜ್ವರ ಬಂದರೆ, ತುಂಬ ರಕ್ತ ಹೋದರೆ, ಎದೆಯಲ್ಲಿ ನೋವು ಬಂದರೆ, ಎಬ್ಬಿಸಿದರೂ ಏಳದ ಹಾಗೆ ಮಲಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಯ ರಾತ್ರಿಯ ಫೋನ್ ನಂಬರನ್ನು ಹೊರಡುವ ಮೊದಲೇ ಬರೆದುಕೊಳ್ಳಿ.